ಅಂಬತ್ತೂರಿಗೆ ಹೋದ ಹೆಪ್ಪು

ಜೂನ್ ೪, ಬುಧವಾರ. ಬೆಳಿಗ್ಗೆ ೬.೨೦

ಕೆಳಗಿನ ರೂಮು ೩೧ ಡಿಗ್ರಿ. ಹೆಪ್ಪಿನ ಜಾಡಿ ಒಂದು, ಎರಡು, ಮೂರು — ನೊರೆ ಚೆನ್ನಾಗಿದೆ. ನಾಲ್ಕನೆಯದು ಎಂದಿನಂತೆ ಸೋಮಾರಿ. ನಾಲ್ಕಕ್ಕೂ ಶುಂಠಿ ತುರಿ, ಸಕ್ಕರೆ ಹಾಕಿ ತಿರುವಿದ್ದಾಯಿತು. ಕುದಿಸಿದ ಸೌಟು. ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಮಾಡಿದೆ. ಇಲ್ಲದಿದ್ದರೆ ನಮಿತಾ ಬಂದು ಮುಖ ಊದಿಸುತ್ತಾಳೆ.

ಮೂವತ್ತೊಂದು ವರ್ಷ ಈ ಊರಿನ ಕುಡಿಯುವ ನೀರು ಪರೀಕ್ಷೆ ಮಾಡಿದ ಲ್ಯಾಬಿನವನು ನಾನು. ರಿಟೈರ್ ಆದಮೇಲೆ ಮೂವತ್ತನಾಲ್ಕು ವರ್ಷದ ಹುಡುಗಿಗೆ ಹೆದರಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದೇನೆ. ನನ್ನ ಹೆಂಡತಿ ಅಂಬುಜಾ ಮೈಲಾಪೂರದ ಅರ್ಧ ಜನಕ್ಕೆ ಇದನ್ನು ಹೇಳಿಯಾಗಿದೆ.

ಹೇಳಲಿ. ಮೂರು ವರ್ಷದ ಹಿಂದೆ ನಮ್ಮ ಕಾರ್ ಶೆಡ್ಡು ಬಾಡಿಗೆಗೆ ಕೇಳಿಕೊಂಡು ಬಂದಳು ನಮಿತಾ. "ಶುಂಠಿ ಬಿಯರ್ ಮಾಡ್ಲಿಕ್ಕೆ ಸರ್. ಹೆಸರು ಮಾತ್ರ ಬಿಯರ್, ಅಮಲು ಇಲ್ಲ." ಮಾಧ್ವರ ಮನೆಯ ಕೆಳಗೆ ಬಿಯರ್! ಅಂಬುಜಾ ಬೋರ್ಡು ಹಾಕಬಾರದು ಎಂಬ ಷರತ್ತಿನ ಮೇಲೆ ಒಪ್ಪಿದಳು. ಆಗ ವಾರಕ್ಕೆ ನಲವತ್ತು ಬಾಟಲಿ. ಈಗ ಸಾವಿರದ ಇನ್ನೂರು. ಹಿಂದಿನ ಎರಡು ರೂಮೂ ಅವಳದೇ. ನಾನೂ ಅವಳವನೇ, ಒಂದು ಲೆಕ್ಕದಲ್ಲಿ... ಕ್ವಾಲಿಟಿ ಕಂಟ್ರೋಲ್! ಮೊದಲ ವಾರ ಶುಂಠಿ ನೀರನ್ನು ಹುದುಗಿಸುವ ಈ ಹೆಪ್ಪಿನ ಜಾಡಿಯೊಳಗೆ ಇಣುಕಿ ನೋಡಿ "ಏನಮ್ಮಾ ಇದು, ಪಿಎಚ್ ನೋಡಿದೆಯಾ?" ಎಂದು ಕೇಳಿದ್ದೇ ತಪ್ಪಾಯಿತು. ಮಾರನೆಯ ದಿನ ಒಂದು ಬೀಗದ ಕೈ ತಂದು ನನ್ನ ಕೈಗಿಟ್ಟಳು.

ಹೊಸ ಶೆಡ್ಡು ಸಿಕ್ಕಿದೆ. ಅಂಬತ್ತೂರು, ಇಂಡಸ್ಟ್ರಿಯಲ್ ಎಸ್ಟೇಟ್. ಈ ತಿಂಗಳೇ ಹೋಗುವುದು.

ಸಂತೋಷ. ಸಂತೋಷವೇ. ಮತ್ತೇನು.

ಜೂನ್ ೬, ಶುಕ್ರವಾರ

ಅಂಬತ್ತೂರಿಗೆ ಹೋಗಿದ್ದೆ. ನಮಿತಾ, ಅವಳ ತಮ್ಮ ಮನೀಶ್, ನಾನು. ಶೆಡ್ಡಿನ ತುಂಬ ಗ್ರೀಸ್ ವಾಸನೆ. ಮೊದಲು ಯಾರೋ ಪಂಪಿನ ಬಿಡಿಭಾಗ ಮಾಡುತ್ತಿದ್ದರಂತೆ. ನಮಿತಾ ಚಪ್ಪಲಿ ಬಿಟ್ಟು ಮೂಲೆ ಮೂಲೆಯಲ್ಲೂ ನಿಂತಳು. ಎಲ್ಲಿ ತಂಪು, ಎಲ್ಲಿ ಬಿಸಿ — ಕಾಲಿನಿಂದಲೇ ನೋಡುತ್ತಾಳೆ. "ಹೆಪ್ಪು ಇಲ್ಲಿ ಸರ್. ಈ ಗೋಡೆಗೆ ಸಂಜೆ ಬಿಸಿಲು ಬರುದಿಲ್ಲ." ಥರ್ಮಾಮೀಟರ್ ಇಟ್ಟು ನೋಡಿದೆ. ಉಳಿದ ಕಡೆಗಿಂತ ಎರಡು ಡಿಗ್ರಿ ಕಡಿಮೆ. ನಾನು ಉಪಕರಣ ಹಿಡಿದುಕೊಂಡು ಹುಡುಕುವುದನ್ನು ಇವಳು ಅಂಗಾಲಿನಲ್ಲಿ ಹುಡುಕುತ್ತಾಳೆ. ಭಲೇ!

ಅಪ್ಪನಿಂದ ಬಂದದ್ದಿರಬೇಕು. ವಿಷ್ಣುಮೂರ್ತಿ, ಪ್ಯಾರೀಸ್ ಕಾರ್ನರ್‌ನಲ್ಲಿ ಸಣ್ಣ ಹೋಟೆಲು. ದೋಸೆ ಹಿಟ್ಟಿನ ಪಾತ್ರೆಗೆ ಕಿವಿ ಕೊಟ್ಟು ಹುದುಗು ಹೇಳುತ್ತಾರೆ ಎಂದು ಪ್ರತೀತಿ.

ಮನೀಶನ ಮಾತು ಬರೀ ಬಾಟ್ಲಿಂಗ್ ಮೆಷಿನ್, ಬಾರ್‌ಕೋಡ್, ವ್ಯಾನು. ಒಂದು ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿ ಇವರ ಬಾಟಲಿ ಇಡಲು ಒಪ್ಪಿದೆಯಂತೆ. ಹನ್ನೆರಡು ಅಂಗಡಿ. ಜುಲೈ ಹನ್ನೆರಡರ ಒಳಗೆ ನಾಲ್ಕು ಸಾವಿರ ಬಾಟಲಿ.

ಬರುವಾಗ ನಮಿತಾ ಕೇಳಿದಳು — "ನೀವು ಅಷ್ಟು ದೂರ ಬರ್ತೀರಲ್ಲ ಸರ್? ದಿನಾ ಬೇಡ. ವಾರಕ್ಕೆ ಮೂರು ದಿನ ಸಾಕು."

ಬರುತ್ತೇನೆ ಎಂದೆ. ಮಾತು ಮುಗಿಯುವ ಮೊದಲೇ ಎಂದುಬಿಟ್ಟೆ ಅನಿಸಿತು. ಅವಳು ನಕ್ಕಳು.

ಜೂನ್ ೯, ಸೋಮವಾರ

ಅಂಬುಜಾ ಶುರು ಮಾಡಿದ್ದಾಳೆ. "ಆಷಾಢ ಬರೋದ್ರೊಳಗೆ ಹೋಗ್ಬೇಕು. ಪುಣ್ಯಾಹ ಇಲ್ದೆ ಹೊಸ ಜಾಗದಲ್ಲಿ ಕಾಲಿಡ್ತಾರಾ? ಗ್ರೀಸ್ ಫ್ಯಾಕ್ಟರಿ ರೀ ಅದು, ಯಾರ್ಯಾರು ಏನೇನು ತಿಂದಿದ್ದಾರೋ!"

ನನಗೂ ಬೇಕು ಪುಣ್ಯಾಹ. ಸುಮ್ಮನೆ ಅವಳ ತಲೆಗೆ ಕಟ್ಟುವುದೇಕೆ? ನಾನೇ ಹೋಗಿ ನಮಿತಾಗೆ ಹೇಳಿದೆ. ಅವಳಿಗೆ ಇದೆಲ್ಲ ಅಷ್ಟಕ್ಕಷ್ಟೇ. ಒಂದು ಗಣಪತಿ, ಒಂದು ತೆಂಗಿನಕಾಯಿ — ಮುಗಿಯಿತು. ಆದರೂ, "ನೀವು ಹೇಳಿದ್ರೆ ಆಯ್ತು ಸರ್" ಎಂದಳು. ಹರಿದಾಸಾಚಾರ್ಯರಿಗೆ ಫೋನ್ ಮಾಡಿದೆ. ಭಾನುವಾರ ಹದಿನೈದು, ಬೆಳಿಗ್ಗೆ ಒಂಬತ್ತಕ್ಕೆ.

ಲೀಲಮ್ಮನಿಗೆ ಮಾತ್ರ ಚಿಂತೆ. ಬಾಟಲಿ ತೊಳೆಯುವವಳು, ಹೊಸೂರಿನ ಕಡೆಯವಳು, ಮೊದಲ ದಿನದಿಂದ ಇದ್ದಾಳೆ. "ಮಂದವೆಳಿಯಿಂದ ಅಂಬತ್ತೂರಿಗೆ ಟ್ರೈನ್ ಇಳಿದು ಹತ್ತಿ, ಮಾರಿ ಮಾರಿ ಹೋಗ್ಬೇಕು ಸಾರ್. ಆದ್ರೂ ಹೋಗ್ತೀನಿ. ಬೇರೆ ಯಾರಾನ ತೊಳೆದ್ರೆ ನನಗೆ ನಿದ್ದೆ ಬರಲ್ಲ." ಬಾಟಲಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು, ಮತ್ತೆ ತೊಳೆಯುವುದು. ನನ್ನ ಲ್ಯಾಬಿನಲ್ಲಿ ಇಂಥ ಒಬ್ಬರಿದ್ದಿದ್ದರೆ!

ಜೂನ್ ೧೫, ಭಾನುವಾರ. ಸಂಜೆ

ಹೋದೆವು. ಮೂರು ಟ್ರಿಪ್ ವ್ಯಾನು. ಹೆಪ್ಪಿನ ಜಾಡಿಗಳು ಮಾತ್ರ ನಮಿತಾಳ ಕಾರಿನಲ್ಲಿ, ಸೀಟ್ ಬೆಲ್ಟ್ ಹಾಕಿಕೊಂಡು. ನಾಲ್ಕರಲ್ಲಿ ಒಂದನ್ನು ನಮ್ಮ ಮನೆಯಲ್ಲೇ ಬಿಡೋಣವೇ ಎಂದಳು. ನಾನೇ, "ಪೂಜೆಗೆ ಎಲ್ಲ ಇರಲಿ, ನಾಲ್ಕೂ ಒಟ್ಟಿಗೆ ಹೊಸ ಮನೆ ಸೇರಲಿ" ಎಂದೆ. ಸರಸ್ವತಿ ಪೂಜೆಗೆ ಒಂದು ಪುಸ್ತಕ ಬಿಟ್ಟು ಉಳಿದದ್ದು ಇಡುತ್ತೇವೆಯೇ?

ಪೂಜೆ ಚೆನ್ನಾಗಿ ಆಯಿತು. ಕಲಶದ ಮುಂದೆ ನಾಲ್ಕು ಜಾಡಿ ಸಾಲಾಗಿ ಇಟ್ಟೆ, ಕುಂಕುಮ ಹಚ್ಚಿದೆ. ಆಚಾರ್ಯರ ಕಂಠ ಆ ತಗಡಿನ ಛಾವಣಿಯ ಕೆಳಗೆ ಗಂಟೆ ಬಾರಿಸಿದ ಹಾಗಿತ್ತು. ಮಾವಿನ ಎಲೆಯಿಂದ ಗೋಡೆ, ಬಾಗಿಲು, ಮೆಷಿನ್ನು, ನಮ್ಮ ತಲೆ — ಎಲ್ಲಕ್ಕೂ ಪ್ರೋಕ್ಷಣೆ. "ಮುಚ್ಚಿದ ಪಾತ್ರೆಗೆ ಏನು ಶುದ್ಧಿ? ತೆಗೀರಿ" ಎಂದರು. ಜಾಡಿಗಳ ಬಾಯಿಗೆ ಕಟ್ಟಿದ್ದ ಬಟ್ಟೆ ತೆಗೆದೆ.

ಲೀಲಮ್ಮ ಬಾಗಿಲ ಹೊರಗೇ ನಿಂತು ಕೈ ಮುಗಿದಳು. ಬಾ ಅಂದರೂ ಬರಲಿಲ್ಲ.

ವಿಷ್ಣುಮೂರ್ತಿಗಳು ಊಟ ತಂದಿದ್ದರು. ಗೋಳಿಬಜೆ, ಗಸಗಸೆ ಪಾಯಸ. ಮಗಳನ್ನು ನೋಡುತ್ತಾ ಪಾಯಸ ತಿನ್ನಲು ಮರೆತರು. ನನಗೆ ಮಕ್ಕಳಿಲ್ಲ. ಇವತ್ತು ಅದು ನೆನಪಾಗಲಿಲ್ಲ, ಈಗ ಬರೆಯುವಾಗ ಆಯಿತು.

ಜೂನ್ ೧೮, ಬುಧವಾರ

ಅಂಬತ್ತೂರಿನ ಮೊದಲ ಪಾಕ ಹಾಕಿದ್ದಾಯಿತು. ಒಂಬೈನೂರು ಬಾಟಲಿಗೆ ಸಾಕಾಗುವಷ್ಟು. ನಮಿತಾ ಏಣಿ ಹತ್ತಿ ಟ್ಯಾಂಕಿನೊಳಗೆ ಹೆಪ್ಪು ಸುರಿದಳು, ಹಸುಗೂಸಿಗೆ ನೀರೆರೆದ ಹಾಗೆ.

ಜೂನ್ ೨೧, ಶನಿವಾರ

ವಾಸನೆ ಸರಿಯಿಲ್ಲ.

ನಮಿತಾಗೆ ಬಾಗಿಲಲ್ಲೇ ಗೊತ್ತಾಯಿತು. ಒಳಗೆ ಬರುತ್ತ ನಿಂತುಬಿಟ್ಟಳು. "ಎಂತ ಸರ್ ಇದು?" ಟ್ಯಾಂಕಿನಿಂದ ಒಂದು ಲೋಟ ಹಿಡಿದಳು. ಸುರಿದರೆ ಎಳೆ ಎಳೆಯಾಗಿ ಬಂತು, ಲೋಳೆ. ಜಾಡಿಗಳನ್ನು ನೋಡಿದೆವು. ನಾಲ್ಕೂ ಹಾಗೇ. ನೊರೆ ಇಲ್ಲ. ಕೆಟ್ಟ ಹಾಲಿನ ವಾಸನೆ.

ಮೂರು ವರ್ಷದ ಹೆಪ್ಪು. ಅವಳ ರುಚಿ ಅಂದರೆ ಅದೇ. ಶುಂಠಿ, ಸಕ್ಕರೆ ಯಾರಿಗೂ ಸಿಗುತ್ತದೆ. ಅದು ಹೋದರೆ ಅವಳ ಬಿಯರೇ ಇಲ್ಲ.

ಜೂನ್ ೨೩, ಸೋಮವಾರ

ಒಂಬೈನೂರು ಬಾಟಲಿಯ ಮಾಲು ಚರಂಡಿಗೆ.

ಮನೀಶ್ ಬೇಡ ಎಂದು ಗೋಗರೆದ. ಕುದಿಸಿ, ಸೋಸಿ, ಗ್ಯಾಸ್ ತುಂಬಿಸಿದರೆ ಯಾರಿಗೆ ತಿಳಿಯುತ್ತದೆ ಎಂದ. ನಮಿತಾ ಕೂಗಲಿಲ್ಲ. "ನನಗೆ ತಿಳೀತದೆ" ಎಂದಳು, ತಾನೇ ವಾಲ್ವ್ ತಿರುಗಿಸಿದಳು. ಆಮೇಲೆ ಅಂಗಡಿಯವರಿಗೆ ಫೋನ್. ಸ್ಪೀಕರ್‌ನಲ್ಲೇ ಇಟ್ಟಿದ್ದಳು, ನಾವೆಲ್ಲ ಕೇಳಲಿ ಎಂದು. "ನಮ್ಮ ಮಾಲು ಕೆಟ್ಟಿದೆ. ಯಾಕೆ ಅಂತ ಇನ್ನೂ ಗೊತ್ತಿಲ್ಲ. ಹನ್ನೆರಡನೇ ತಾರೀಕಿಗೆ ಕೊಡ್ಲಿಕ್ಕೆ ಆಗುದಿಲ್ಲ." ಒಂದು ನೆಪವಿಲ್ಲ, ಒಂದು ಅಳು ಇಲ್ಲ. ಅವರು ಆಗಸ್ಟ್ ಹತ್ತರವರೆಗೆ ಸಮಯ ಕೊಟ್ಟರು. ಅದಕ್ಕೂ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ.

ಸರ್ಕಾರಿ ನೌಕರಿಯಲ್ಲಿ ಎಷ್ಟು ಜನ ದೊಡ್ಡವರನ್ನು ನೋಡಿಲ್ಲ ನಾನು! ತಪ್ಪಾಗಿದೆ ಎಂದು ಹೀಗೆ ನೆಟ್ಟಗೆ ಹೇಳಿದವರ ಒಂದು ಹೆಸರೂ ನೆನಪಿಗೆ ಬರುತ್ತಿಲ್ಲ.

ಕಾರಣ ಹುಡುಕಬೇಕು. ಮನೀಶ್ ಆಗಲೇ ಹುಡುಕಿಬಿಟ್ಟ — "ಬಾಟಲಿ ತೊಳೆಯುವವರ ಕೈ. ಇನ್ನೆಂತ? ಮುಟ್ಟುದು ಅವರೇ ಅಲ್ವಾ." ಲೀಲಮ್ಮ ಅಲ್ಲೇ ಇದ್ದಳು. "ನಾನ್ ಎನ್ನ ಪಣ್ಣಿನೇನ್ ತಂಬಿ, ನಾನೇನ್ ಮಾಡ್ದೆ? ದಿನಕ್ಕೆ ಹತ್ತು ಸಲ ಸೋಪ್ ಹಾಕ್ತೀನಿ" ಎಂದಳು. ನಮಿತಾ ಇಬ್ಬರನ್ನೂ ಸುಮ್ಮನಾಗಿಸಿ ನನ್ನ ಕಡೆ ತಿರುಗಿದಳು. "ಸರ್ ಟೆಸ್ಟ್ ಮಾಡ್ಲಿ. ನೀರು, ಟ್ಯಾಂಕು, ಎಲ್ಲರ ಕೈ. ಅವರು ಹೇಳಿದ್ದೇ ಕೊನೆ." ರಿಪೋರ್ಟ್ ಬರುವವರೆಗೆ ಲೀಲಮ್ಮ ಮನೆಯಲ್ಲಿರಲಿ ಎಂದಾಯಿತು. ಸಂಬಳ ಹಿಡಿಯುವುದಿಲ್ಲ ಎಂದಳು ನಮಿತಾ. ಲೀಲಮ್ಮ ಚೀಲ ತೆಗೆದುಕೊಂಡು ಹೋದಳು.

ಅವರು ಹೇಳಿದ್ದೇ ಕೊನೆ. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಜೂನ್ ೨೪, ಮಂಗಳವಾರ

ಹಳೆಯ ಆಫೀಸಿನವರ ಹತ್ತಿರ ಬೇಡಿ ಪರೀಕ್ಷೆಯ ಪುಟ್ಟ ಬಾಟಲಿಗಳನ್ನು ತಂದೆ. ಸುಲಭದ ಪರೀಕ್ಷೆ. ನೀರನ್ನು ಗೆರೆಯವರೆಗೆ ತುಂಬಿಸಿ ಒಂದು ದಿನ ಬೆಚ್ಚಗಿಟ್ಟರೆ ಸಾಕು. ಕೊಳಕಿದ್ದರೆ ಕಪ್ಪು. ಇಲ್ಲದಿದ್ದರೆ ತಿಳಿ ಹಳದಿ. ಕೈಗಾದರೆ ಕೈ ತೊಳೆದ ನೀರು.

ಬೋರಿನ ನೀರು, ಟ್ಯಾಂಕು, ಪೈಪು, ಮನೀಶ್, ನಮಿತಾ, ನಾನು. ಲೀಲಮ್ಮನ ಕೈ ತೊಳೆದ ನೀರು ನಿನ್ನೆ ಅವಳು ಹೊರಡುವ ಮೊದಲೇ ಕುದಿಸಿದ ಬಾಟಲಿಯಲ್ಲಿ ತೆಗೆದಿಟ್ಟಿದ್ದೆ. ಎಲ್ಲಕ್ಕೂ ಚೀಟಿ ಅಂಟಿಸಿದೆ.

ಮನೆಗೆ ಬಂದರೆ ದೇವರ ಮುಂದೆ ತಾಮ್ರದ ಚೊಂಬು. "ಪುಣ್ಯಾಹದ ನೀರು ರೀ, ಮಿಕ್ಕಿದ್ದು. ಇಲ್ಲೂ ನಾಲ್ಕು ಹನಿ ಹಾಕೋಣ ಅಂತ ತಂದಿದ್ದೆ, ಮರೆತೇ ಹೋಯ್ತು" ಎಂದಳು ಅಂಬುಜಾ.

ಒಂದು ಪರೀಕ್ಷೆ ಬಾಟಲಿ ಉಳಿದಿತ್ತು. ಅದಕ್ಕೂ ತುಂಬಿಸಿದೆ. ಸುಮ್ಮನೆ.

ಜೂನ್ ೨೫, ಬುಧವಾರ. ಮಧ್ಯಾಹ್ನ

ಬೋರು ಹಳದಿ. ಟ್ಯಾಂಕು ಹಳದಿ. ಪೈಪು ಹಳದಿ. ಕೈಗಳು ಎಲ್ಲ ಹಳದಿ. ಲೀಲಮ್ಮನದು ಎಲ್ಲಕ್ಕಿಂತ ತಿಳಿ.

ಚೊಂಬಿನ ನೀರು ಕಪ್ಪು. ಮಸಿ.

ಗೋಮೂತ್ರ, ಗೋಮಯ, ಹಾಲು, ಮೊಸರು, ತುಪ್ಪ. ಪಂಚಗವ್ಯ ಬೆರೆಸಿದ ಕಲಶದ ನೀರು. ಮಾವಿನ ಎಲೆಯಲ್ಲಿ ಅದ್ದಿ ಅದ್ದಿ ಹಾಕಿದರು. ಮೊಸರಿನ ಒಂದು ಹನಿ ಸಾಕು ಹಾಲು ಹೆಪ್ಪಾಗಲು — ಇಲ್ಲಿ ನಾಲ್ಕು ಜಾಡಿ ಜೀವಂತ ಹೆಪ್ಪಿಗೆ ಬೇರೆ ಹೆಪ್ಪು ಬಿತ್ತು. ಹರಿದಾಸಾಚಾರ್ಯರದು ತಪ್ಪಿಲ್ಲ, ಜಾಡಿಯಲ್ಲಿ ಏನಿದೆ ಎಂದು ಅವರಿಗೇನು ಗೊತ್ತು. ದೇವರದಂತೂ ಅಲ್ಲ. ಬಟ್ಟೆ ಬಿಚ್ಚಿದ್ದು ನಾನು. ನಾಲ್ಕೂ ಇರಲಿ ಎಂದದ್ದು ನಾನು. ಮೂವತ್ತೊಂದು ವರ್ಷ, "ಸ್ಯಾಂಪಲ್ ಬಾಯಿ ತೆರೆಯಬೇಡ್ರೋ" ಎಂದು ಹುಡುಗರಿಗೆ ಬೈದದ್ದು ಇದೇ ಬಾಯಿ.

ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತಂತೆ.

ನಮಿತಾ ಎರಡು ಸಲ ಫೋನ್ ಮಾಡಿದಳು. ಇನ್ನೂ ಒಂದು ದಿನ ಬೇಕು ಎಂದೆ.

ಜೂನ್ ೨೬, ಗುರುವಾರ

ತಲೆನೋವು. ಹೋಗಲಿಲ್ಲ.

ಜೂನ್ ೨೭, ಶುಕ್ರವಾರ

ಹೋಗಲಿಲ್ಲ. ತರಕಾರಿಗೆ ಹೋದವನು ದಾರಿಯಲ್ಲಿ ಹಳೆಯ ಆಫೀಸಿನ ಒಬ್ಬರನ್ನು ನೋಡಿ ಗಲ್ಲಿಗೆ ನುಗ್ಗಿದೆ. ಅವರಿಗೆ ಏನು ಗೊತ್ತು? ಏನೂ ಗೊತ್ತಿಲ್ಲ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಿರಾಕಿ ನಾನು.

ಹೇಳಿದರೆ ಏನಾಗುತ್ತದೆ? ಬೀಗದ ಕೈ ವಾಪಸ್. ಬೆಳಿಗ್ಗೆ ಆರಕ್ಕೆ ಎದ್ದು ಏನು ಮಾಡಲಿ? ಪೇಪರು, ಪಾರ್ಕು, ಬಿ.ಪಿ. ಮಾತ್ರೆ. ಅಯ್ಯೋ, ಅದನ್ನು ಎರಡು ವರ್ಷ ಮಾಡಿ ನೋಡಿದ್ದೇನೆ. ನನ್ನ ಮಾತೇ ಕೊನೆ ಎಂದು ಹೇಳುವವಳು ಈ ಊರಿನಲ್ಲಿ ಒಬ್ಬಳೇ ಇದ್ದಾಳೆ.

ಅಂಬುಜಾ ಎದುರಿಗೆ ಬಂದು ಕೂತಳು. "ಏನ್ರೀ, ಮೂರು ದಿನದಿಂದ ಮೂತಿ ಹೀಗಿದೆ. ಹೇಳ್ರೀ, ಸೊಲ್ಲುಂಗೋ."

ಹೇಳಿದೆ. ಬೈಯುತ್ತಾಳೆ, ದೇವರ ನೀರಿಗೆ ಹೀಗೆ ಅಂತೀರಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕಪ್ಪು ಬಾಟಲಿಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು. "ಪಾಪ ರೀ, ಆ ಲೀಲಮ್ಮ ಪಾವಂ" ಎಂದಳು, ಅಷ್ಟೇ.

ಜೂನ್ ೨೮, ಶನಿವಾರ

ಹೇಳಿದೆ.

ನಮಿತಾ ಶೆಡ್ಡಿನಲ್ಲಿ ಒಬ್ಬಳೇ ಇದ್ದಳು, ನೆಲ ಉಜ್ಜುತ್ತಾ. ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಕಪ್ಪನ್ನು ಕೊನೆಗೆ. ಯಾವುದು ಏನು ಎಂದು ಹೇಳಿದೆ. ಬಟ್ಟೆ ಬಿಚ್ಚಿದ್ದು ನಾನು ಎಂದೆ.

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಯಾವತ್ತು ಗೊತ್ತಾದ್ದು ಸರ್?"

"ಬುಧವಾರ."

"ಇವತ್ತು ಶನಿವಾರ."

ಹೌದು ಎಂದೆ.

"ನೀರು ಬಿದ್ದದ್ದು ಬಿತ್ತು ಮಾರಾಯ್ರೆ. ನಾನೂ ಪಕ್ಕದಲ್ಲೇ ಕೈ ಮುಗಿದು ನಿಂತಿದ್ದೆ ಅಲ್ವಾ, ನನಗೂ ಹೊಳೀಲಿಲ್ಲ. ಆದ್ರೆ ಈ ಮೂರು ದಿನ ಉಂಟಲ್ಲ..." ಕಣ್ಣು ಕೆಂಪಗಿತ್ತು. "ಲೀಲಮ್ಮ ಮನೇಲಿ ಕೂತಿದ್ದಾರೆ ಸರ್. ಕೈ ಸರಿಯಿಲ್ಲ ಅಂತ."

ಬೀಗದ ಕೈ ನಾನೇ ತೆಗೆದು ಮೇಜಿನ ಮೇಲಿಟ್ಟೆ. ಬೇಡ ಎನ್ನಬಹುದು ಎಂದು ಒಂದು ಕ್ಷಣ ಕಾದೆ. ನಾಚಿಕೆಗೆಟ್ಟ ಮನಸ್ಸು. ಅವಳು ತೆಗೆದುಕೊಂಡು ಡ್ರಾಯರಿನೊಳಗೆ ಹಾಕಿದಳು. "ಮನೀಶನಿಗೆ ನಾನು ಹೇಳ್ತೇನೆ. ಲೀಲಮ್ಮನಿಗೆ ನೀವೇ ಹೇಳ್ಬೇಕು."

ಸರಿಯೇ. ಮಾಡಿದ್ದುಣ್ಣೋ ಮಹರಾಯ. ಅವಳು ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ಹಗುರ ಮಾಡಲಿಲ್ಲ ಅವಳು. ಆ ವಯಸ್ಸಿಗೆ ನನಗೆ ಅಷ್ಟು ನ್ಯಾಯ ತಿಳಿದಿರಲಿಲ್ಲ.

ಜೂನ್ ೨೯, ಭಾನುವಾರ

ಮಂದವೆಳಿ. ಹೌಸಿಂಗ್ ಬೋರ್ಡ್ ಮನೆ, ಮೂರನೇ ಮಹಡಿ. ಹತ್ತುವಾಗ ಎರಡು ಕಡೆ ನಿಂತೆ. ದಣಿವಿಗಲ್ಲ.

ಲೀಲಮ್ಮ ಬಾಗಿಲು ತೆರೆದಳು, ಒಳಗೆ ಬನ್ನಿ ಎನ್ನಲಿಲ್ಲ. ಅಲ್ಲೇ ನಿಂತು ಎಲ್ಲ ಹೇಳಿದೆ. ನಿಮ್ಮ ಕೈಯ ಬಾಟಲಿ ಎಲ್ಲರದಕ್ಕಿಂತ ಚೆನ್ನಾಗಿತ್ತು, ಬುಧವಾರವೇ ಗೊತ್ತಿತ್ತು, ಹೇಳಲು ಹೆದರಿದೆ, ತಪ್ಪಾಯಿತು. ಕೈ ಮುಗಿದೆ.

"ಸಾಮಿ ನೀರಾ ಸಾರ್?" ನಗು ಬಂತು ಅವಳಿಗೆ, ಹಾಗೇ ನಿಂತೂ ಹೋಯಿತು. "ಆರು ದಿನ. ಈ ಕೈನೇ ನೋಡ್ಕೊಂಡು ಕೂತಿದ್ದೆ. ಒಂದು ಕಡೆ ನನಗೂ ಸಂದೇಹ ಬಂದ್ಬಿಡ್ತು ಸಾರ್. ಏನೋ, ನನ್ ಕೈನೇ ಏನೋ ಅಂತ. ಮೊಮ್ಮಗೂಗೆ ಅನ್ನ ಕಲಸಕ್ಕೆ ಹೋಗಿ ಸ್ಪೂನ್ ತಗೊಂಡೆ."

ತಲೆ ತಗ್ಗಿಸಿ ನಿಂತೆ.

"ಮನ್ನಿಪ್ಪು ಗಿನ್ನಿಪ್ಪು, ತಪ್ಪಾಯ್ತು ಅನ್ನೋದೆಲ್ಲ ಬೇಡ" ಎಂದಳು. "ಆ ಬಾಟಲಿ ಪರೀಕ್ಷೆ ನನಗೆ ಕಲಿಸ್ಕೊಡಿ. ಮುಂದೆ ಯಾರಾನ ನನ್ ಕೈ ಅಂದ್ರೆ, ನಿಮ್ಮ ರಿಪೋರ್ಟಿಗೆ ಕಾಯ್ಕೊಂಡು ಕೂರಲ್ಲ. ನಾನೇ ತೋರಿಸ್ತೀನಿ."

ಜುಲೈ ೯, ಬುಧವಾರ

ಹತ್ತು ದಿನ ಬರೆಯಲಿಲ್ಲ. ಪಾಠ ನಡೆಯುತ್ತಿದೆ. ಲೀಲಮ್ಮ ಅಂಬತ್ತೂರಿನಿಂದ ಬರುತ್ತ ಸಂಜೆ ಐದಕ್ಕೆ ನಮ್ಮ ಮನೆಗೆ. ಅಡುಗೆಮನೆಯ ಮೇಜೇ ಲ್ಯಾಬು. ಬೆಚ್ಚಗಿರಲಿ ಎಂದು ಪರೀಕ್ಷೆ ಬಾಟಲಿಗಳನ್ನು ಅಂಬುಜಾಳ ಅಕ್ಕಿ ಡಬ್ಬದ ಪಕ್ಕ ಇಟ್ಟಿದ್ದೇವೆ. ಚರಂಡಿ ನೀರೂ ಇದೆ ಅದರಲ್ಲಿ, ಕಪ್ಪು ತೋರಿಸಲು. ಅಂಬುಜಾ ಅದನ್ನು ಕೇಳಿದ ದಿನ ಮನೆ ಎರಡಾಯಿತು. ಮಾರನೆಯ ದಿನ ಅವಳೇ ಬಂದು, "ಫಿಲ್ಟರ್ ನೀರೂ ಒಂದು ಹಾಕಿ ನೋಡೇ ಲೀಲಮ್ಮ" ಎಂದಳು.

ಲೀಲಮ್ಮನಿಗೆ ಓದು ಅಷ್ಟಾಗಿ ಬರುವುದಿಲ್ಲ. ಚೀಟಿಗೆ ಚಿತ್ರ ಬರೆಯುತ್ತಾಳೆ. ನಲ್ಲಿಗೆ ನಲ್ಲಿ, ಮನೀಶನಿಗೆ ಮೀಸೆ, ನನಗೆ ಕನ್ನಡಕ. ಆದರೆ ಒಂದು ಸಲವೂ ಬಾಟಲಿಯ ಬಾಯಿಗೆ ಬೆರಳು ತಾಗಿಸಿಲ್ಲ. ನಮ್ಮ ಲ್ಯಾಬಿನ ಎಂ.ಎಸ್ಸಿ.ಗಳಿಗೆ ಇದು ಕಲಿಸಲು ಆರು ತಿಂಗಳು ಹಿಡಿಯುತ್ತಿತ್ತು!

ಸುದ್ದಿ ಎಲ್ಲ ಅವಳ ಬಾಯಿಂದಲೇ. ನಮಿತಾ ಜಾಡಿಗಳನ್ನು ಬಿಸಾಡಿದ್ದಾಳೆ. ಪ್ಯಾರೀಸ್ ಕಾರ್ನರ್‌ನಲ್ಲಿ ಅಪ್ಪನ ಹೋಟೆಲಿನ ಫ್ರಿಜ್ಜಿನಲ್ಲಿ ಮೇ ತಿಂಗಳ ಆರು ಬಾಟಲಿ ಸಿಕ್ಕವಂತೆ, ಸೀಲು ಒಡೆಯದ್ದು. ತಳದಲ್ಲಿ ಕೂತ ಗಸಿಯನ್ನು ಬಸಿದು, ಶುಂಠಿ-ಸಕ್ಕರೆ ಕೊಟ್ಟು ಎಬ್ಬಿಸಲು ನೋಡುತ್ತಿದ್ದಾಳೆ. ನಾಲ್ಕು ಏಳಲಿಲ್ಲ. ಎರಡರಲ್ಲಿ ಒಂದೊಂದು ಗುಳ್ಳೆ.

"ಅಕ್ಕ ಅಲ್ಲೇ ಚಾಪೆ ಹಾಕ್ಕೊಂಡು ಕೂತಿರುತ್ತೆ ಸಾರ್. ಗುಳ್ಳೆ ಎಣಿಸ್ತಾ."

ನನ್ನನ್ನು ಕೇಳಿದಳಾ ಎಂದು ಕೇಳಬಾರದು ಎಂದುಕೊಂಡಿದ್ದೆ. ಕೇಳಿಬಿಟ್ಟೆ. "ಇಲ್ಲ ಸಾರ್" ಎಂದಳು. ಲೀಲಮ್ಮನಿಗೆ ಬೆಣ್ಣೆ ಹಚ್ಚುವುದು ಗೊತ್ತಿಲ್ಲ.

ಜುಲೈ ೧೯, ಶನಿವಾರ

ಎರಡೂ ಎದ್ದವು! ನೊರೆ ಜಾಡಿಯ ಬಾಯಿಗೆ ಬಂದಿದೆಯಂತೆ. ವಿಷ್ಣುಮೂರ್ತಿಗಳು ಬಂದು ಕಿವಿ ಕೊಟ್ಟು ಕೇಳಿ, "ಇದು ಅದೇ" ಎಂದರಂತೆ. ನಮಿತಾ ಜೋರಾಗಿ ಅತ್ತಳಂತೆ, ಎಲ್ಲರ ಎದುರಿಗೆ. ನೋಡಲು ನಾನಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಸಂತೋಷವೂ ಆಯಿತು. ಎರಡೂ ಒಟ್ಟಿಗೆ ಆಗುವುದುಂಟು ಎಂದು ಅರವತ್ತೈದಕ್ಕೆ ತಿಳಿಯಿತು.

ಹೊಸ ಕಾನೂನು ಬಂದಿದೆ. ಹೆಪ್ಪಿನ ರೂಮಿಗೆ ಯಾರು ಕಾಲಿಡಬೇಕಾದರೂ ಲೀಲಮ್ಮನ ಬಾಟಲಿ ಹಳದಿ ಬರಬೇಕು. ನಮಿತಾಳೂ ಸೇರಿ. ಮನೀಶನದು ಮೊದಲ ಸಲ ಕಪ್ಪಾಯಿತಂತೆ, ವ್ಯಾನ್ ತೊಳೆದು ಬಂದಿದ್ದ. ಲೀಲಮ್ಮ ಬಾಟಲಿಯನ್ನು ಅವನ ಮೇಜಿನ ಮೇಲೆ ಇಟ್ಟು ಬಂದಳಂತೆ. ಸಂಜೆ ಅವನು ಅವಳಿಗೆ ಏನೋ ಹೇಳಿದನಂತೆ. ಏನು ಎಂದರೆ, "ಅದು ನಮ್ಮಿಬ್ಬರ ಮಾತು ಸಾರ್."

ಜುಲೈ ೨೬, ಶನಿವಾರ

ನಮಿತಾ ಫೋನ್ ಮಾಡಿದಳು. ನಾಲ್ಕು ವಾರದ ಮೇಲೆ.

"ಸರ್, ಸೋಮವಾರ ಮೊದಲ ಬಾಟಲಿ ತೆಗಿಲಿಕ್ಕುಂಟು."

"ಒಳ್ಳೆಯದಮ್ಮಾ."

"ಒಳ್ಳೆಯದು ಅಂದ್ರೆ ಎಂತ? ಹೇಗಾಗಿದೆ ಅಂತ ಹೇಳುವವರು ಯಾರು? ನೀವು ಬರದೆ ತೆಗೆಯುದಿಲ್ಲ ನಾನು." ಆಮೇಲೆ ಷರತ್ತು ಹಾಕಿದಳು. "ನಾಳೆಯೇ ಬಂದು ಕೈ ನೀರು ಕೊಟ್ಟು ಹೋಗ್ಬೇಕು. ಲೀಲಮ್ಮ ಒಪ್ಪದಿದ್ರೆ ನಾನೇನೂ ಮಾಡ್ಲಿಕ್ಕೆ ಆಗುದಿಲ್ಲ ಸರ್. ಮೊದಲೇ ಹೇಳಿದ್ದೇನೆ."

ಕಣ್ಣೊರೆಸಿಕೊಂಡೆ. ಅಂಬುಜಾ ನೋಡಿದಳು. ನೋಡಲಿ.

ಜುಲೈ ೨೭, ಭಾನುವಾರ

ಕೊಟ್ಟು ಬಂದೆ. ಲೀಲಮ್ಮ ಗೇಟಿನ ಹತ್ತಿರವೇ ಬೇಸಿನ್ ಇಟ್ಟುಕೊಂಡು ಕಾಯುತ್ತಿದ್ದಳು. "ಕೈ ನೀಡಿ ಸಾರ್." ಮಣಿಕಟ್ಟಿನಿಂದ ನೀರು ಸುರಿದಳು, ಉಗುರಿನ ಸಂದಿ ತಿಕ್ಕಿಸಿದಳು. "ಬೆರಳು ಅಗಲ ಮಾಡಿ." ಮಾಡಿದೆ. ಚೀಟಿಗೆ ಕನ್ನಡಕ ಬರೆದು ಅಂಟಿಸಿದಳು. ಒಳಗೆ ನಮಿತಾಳ ದನಿ ಕೇಳಿಸುತ್ತಿತ್ತು, ಯಾರ ಮೇಲೋ ರೇಗುತ್ತಿದ್ದಳು. ಇಣುಕಿ ನೋಡಲು ಹೋದೆ. "ನಾಳೆ" ಎಂದು ಲೀಲಮ್ಮ ಗೇಟು ಹಾಕಿದಳು.

ಟ್ರೈನಿನಲ್ಲಿ ಕಂಬಿ ಹಿಡಿದುಕೊಂಡಾಗ ಗಾಬರಿ. ಕೈ ಆಗಲೇ ಕೊಟ್ಟಾಗಿದೆ, ಇನ್ನೇನು ಹಿಡಿದರೆ ಏನು! ಆದರೂ ಮನೆಯವರೆಗೆ ಏನೂ ಮುಟ್ಟಲಿಲ್ಲ.

ಜುಲೈ ೨೮, ಸೋಮವಾರ. ಬೆಳಿಗ್ಗೆ ೧೦.೪೦. ಅಂಬತ್ತೂರು

ಗೇಟಿನ ಹೊರಗೆ, ವಾಚ್‌ಮನ್ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹತ್ತಕ್ಕೆ ಬಂದೆ. ಲೀಲಮ್ಮ ಹನ್ನೊಂದಾಗದೆ ನೋಡುವುದಿಲ್ಲವಂತೆ. ನಿನ್ನೆ ಹನ್ನೊಂದಕ್ಕೆ ಕೊಟ್ಟದ್ದು, ಇಪ್ಪತ್ತನಾಲ್ಕು ಗಂಟೆ ಎಂದರೆ ಇಪ್ಪತ್ತನಾಲ್ಕು ಗಂಟೆ. ಕಲಿಸಿದವನೇ ನಾನು, ಜಗಳ ಆಡುವ ಹಾಗಿಲ್ಲ.

ಗೋಡೆಯ ಮೇಲೆ ಬೋರ್ಡು ಹಾಕಿದ್ದಾರೆ. ಶುಂಠಿ ಬಿಯರ್ ಎಂದು ದೊಡ್ಡದಾಗಿ, ಕನ್ನಡದಲ್ಲೂ ತಮಿಳಿನಲ್ಲೂ. ಬಾಗಿಲ ಸಂದಿನಿಂದ ಟ್ಯಾಂಕು ಕಾಣುತ್ತದೆ, ಮೇಜು ಕಾಣುತ್ತದೆ. ಮೇಜಿನ ಮೇಲೆ ಒಂದು ಬಾಟಲಿ, ಆರು ಲೋಟ. ವಿಷ್ಣುಮೂರ್ತಿಗಳು ಕೂತಿದ್ದಾರೆ. ಮನೀಶ್ ಓಡಾಡುತ್ತಿದ್ದಾನೆ. ನಮಿತಾ ಎರಡು ಸಲ ಬಾಗಿಲಿಗೆ ಬಂದು ಈ ಕಡೆ ನೋಡಿದಳು. ಶುಂಠಿಯ ವಾಸನೆ ಗೇಟಿನವರೆಗೆ ಬರುತ್ತಿದೆ. ಅದೇ ವಾಸನೆ. ಏನು ಹೆಣ್ಣಪ್ಪಾ ಇವಳು! ಎರಡು ಬಾಟಲಿಯ ತಳದ ಗಸಿಯಿಂದ ಇಷ್ಟು ದೊಡ್ಡ ಶೆಡ್ಡು ತುಂಬಿಸಿಬಿಟ್ಟಳು.

ಲೋಟ ಆರು ಯಾಕೆ? ನಮಿತಾ, ಮನೀಶ್, ಅಪ್ಪ, ಲೀಲಮ್ಮ. ನಾನಾದರೆ ಐದು. ಇನ್ನೊಂದು ಅಂಬುಜಾಗೆ ಇರಬೇಕು, ಬರಲಿಲ್ಲ ಅವಳು. ಏನಾಗುತ್ತದೋ ನೋಡಲು ಧೈರ್ಯವಿಲ್ಲ ಎಂದಳು.

೧೦.೫೫. ಎದ್ದು ಗೇಟಿನ ಹತ್ತಿರ ನಿಂತು ಬರೆಯುತ್ತಿದ್ದೇನೆ.

೧೧.೦೨. ಲೀಲಮ್ಮ ಹೆಪ್ಪಿನ ರೂಮಿನಿಂದ ಹೊರಬಂದಳು. ಬಾಟಲಿ ಮುಷ್ಟಿಯೊಳಗಿದೆ, ಬಣ್ಣ ಕಾಣುತ್ತಿಲ್ಲ. ಒಳಗೆ ಎಲ್ಲರೂ ಎದ್ದು ನಿಂತಿದ್ದಾರೆ. ಯಾರ ಮುಖವನ್ನೂ ನೋಡದೆ ನೆಟ್ಟಗೆ ಗೇಟಿಗೆ ಬರುತ್ತಿದ್ದಾಳೆ. 

ಚಿಲಕಕ್ಕೆ ಕೈ ಹಾಕಿದಳು, ಗೇಟು ತೆರೆದಳು. "ಬನ್ನಿ ಸಾರ್."